ಶಾಲೆ ಬಂತು, ಜಾಗ ಎಲ್ಲಿ?

ಹೊಸ ಸರ್ಕಾರಿ ಪ್ರೌಢಶಾಲೆ ಮಂಜೂರಾದ ಊರುಗಳಿಂದ ಬಂದ ಪತ್ರಗಳನ್ನು ಈ ಸಲ ಒಟ್ಟಿಗೆ ತೆಗೆದುಕೊಂಡಿದ್ದೇವೆ. ಎಲ್ಲರ ತಕರಾರೂ ಒಂದೇ: ಕಟ್ಟಡ ಯಾವ ಊರಲ್ಲಿ, ಯಾವ ಸರ್ವೆ ನಂಬರಿನಲ್ಲಿ? ಊರಿನ ಹೆಸರು ಬಿಟ್ಟು ತಾಲ್ಲೂಕನ್ನಷ್ಟೇ ಕೊಟ್ಟಿದ್ದೇವೆ.

ಪ್ರಶ್ನೆ: ಒಂದೇ ರಸ್ತೆಯ ಮೇಲೆ ನಮ್ಮ ನಾಲ್ಕು ಹಳ್ಳಿಗಳಿವೆ. ಮೊದಲ ಊರಿನಿಂದ ಎರಡನೆಯದು 3 ಕಿ.ಮೀ., ಮೂರನೆಯದು 5, ನಾಲ್ಕನೆಯದು 9. ಏಳನೇ ತರಗತಿ ಮುಗಿಸುವ ಮಕ್ಕಳು ಕ್ರಮವಾಗಿ 42, 18, 15 ಮತ್ತು 11. ದೊಡ್ಡ ಊರಿನವರು ‘ಮಕ್ಕಳು ನಮ್ಮಲ್ಲೇ ಹೆಚ್ಚು’ ಎನ್ನುತ್ತಾರೆ, ಕೊನೆಯ ಊರಿನವರು ‘ನಾವೇನು ಲೆಕ್ಕಕ್ಕಿಲ್ಲವೇ’ ಎನ್ನುತ್ತಾರೆ. ಗ್ರಾಮಸಭೆಯಲ್ಲಿ ಕೈ ಎತ್ತಿಸಿ ತೀರ್ಮಾನಿಸಬಹುದೇ? (ಕಡೂರು ತಾಲ್ಲೂಕು)

ಉತ್ತರ: ಕೈ ಎತ್ತಿಸಿದರೆ ದೊಡ್ಡ ಊರು ಗೆಲ್ಲುತ್ತದೆ, ಅದಕ್ಕೆ ಸಭೆಯೇ ಬೇಕಿಲ್ಲ. ಕೈ ಎತ್ತುವವರು ಯಾರೂ ಬೆಳಿಗ್ಗೆ ಚೀಲ ಹೊತ್ತು ನಡೆಯುವವರಲ್ಲ. ಮೊದಲು ನಡಿಗೆಯ ಲೆಕ್ಕ ಹಾಕಿ.

ಪ್ರತಿ ಊರಿನ ಮಕ್ಕಳ ಸಂಖ್ಯೆಯನ್ನು ಆ ಊರಿಂದ ಶಾಲೆಗಿರುವ ದೂರದಿಂದ ಗುಣಿಸಿ ಕೂಡಿ. ಶಾಲೆ ಮೊದಲ ಊರಿನಲ್ಲಾದರೆ 18×3, 15×5, 11×9 ಸೇರಿ 228. ಎರಡನೆಯ ಊರಿನಲ್ಲಾದರೆ 42×3, 15×2, 11×6 ಸೇರಿ 222. ಮೂರನೆಯದರಲ್ಲಾದರೆ 42×5, 18×2, 11×4 ಸೇರಿ 290. ದೊಡ್ಡ ಊರಿಗೂ ಎರಡನೆಯ ಊರಿಗೂ ವ್ಯತ್ಯಾಸ ಬರೀ 6. ಆದರೆ ಶಾಲೆ ದೊಡ್ಡ ಊರಿನಲ್ಲಿದ್ದರೆ ಕೊನೆಯ ಊರಿನ ಮಗು ಒಂದು ಕಡೆಗೆ 9 ಕಿ.ಮೀ. ಬರಬೇಕು, ಎರಡನೆಯ ಊರಿನಲ್ಲಿದ್ದರೆ 6. ಆದ್ದರಿಂದ ದೊಡ್ಡ ಊರಿನ ವಾದ ಇಲ್ಲಿಗೆ ಬಿತ್ತು.

ನಿಜವಾದ ಪೈಪೋಟಿ ಎರಡನೆಯ ಮತ್ತು ಮೂರನೆಯ ಊರುಗಳ ನಡುವೆ. 2009ರಲ್ಲಿ ಶುರುವಾದ ರಾಷ್ಟ್ರೀಯ ಮಾಧ್ಯಮಿಕ ಶಿಕ್ಷಣ ಅಭಿಯಾನ ಇಟ್ಟುಕೊಂಡ ಗುರಿ, 5 ಕಿ.ಮೀ. ಒಳಗೆ ಪ್ರೌಢಶಾಲೆ. ನಿಮ್ಮಲ್ಲಿ ಎಲ್ಲ ಮಕ್ಕಳೂ 5 ಕಿ.ಮೀ. ಒಳಗೆ ಬರುವುದು ಮೂರನೆಯ ಊರಿನಲ್ಲಿ ಮಾತ್ರ. ಆದರೆ ಆಗ 42 ಮಕ್ಕಳು ಪ್ರತಿಯೊಬ್ಬರೂ 5 ಕಿ.ಮೀ. ನಡೆಯಬೇಕು. ಎರಡನೆಯ ಊರನ್ನು ಆರಿಸಿದರೆ ಕೊನೆಯ ಊರಿನ 11 ಮಕ್ಕಳು 1 ಕಿ.ಮೀ. ಹೊರಗೆ ಬೀಳುತ್ತಾರೆ. ನಮ್ಮ ಅಭಿಪ್ರಾಯ ಎರಡನೆಯ ಊರಿನ ಕಡೆಗೆ, ಒಂದು ಷರತ್ತಿನ ಮೇಲೆ: ಆ 11 ಮಕ್ಕಳಿಗೆ ಬಸ್ ಇರಬೇಕು, ಅದೂ ಹೊತ್ತಿಗೆ ಸರಿಯಾಗಿ. ಶಕ್ತಿ ಯೋಜನೆಯಿಂದ 2023ರ ಜೂನ್ 11ರ ನಂತರ ಸರ್ಕಾರಿ ಸಾಮಾನ್ಯ ಬಸ್ಸಿನಲ್ಲಿ ಹೆಣ್ಣುಮಕ್ಕಳಿಗೆ ಟಿಕೆಟ್ ದುಡ್ಡಿಲ್ಲ, ಗಂಡುಮಕ್ಕಳಿಗೆ ಪಾಸು ಸಿಗುತ್ತದೆ. ಆದರೆ ಸಂಜೆಯ ಬಸ್ಸು ಶಾಲೆ ಬಿಡುವ ಅರ್ಧ ಗಂಟೆ ಮೊದಲೇ ಹೊರಟುಹೋದರೆ ಪುಕ್ಕಟೆ ಬಸ್ಸಿನಿಂದ ಏನು ಬಂತು? ಡಿಪೋ ವ್ಯವಸ್ಥಾಪಕರಿಂದ ವೇಳಾಪಟ್ಟಿಯನ್ನು ಬರಹದಲ್ಲಿ ತೆಗೆದುಕೊಂಡು ಠರಾವಿಗೆ ಲಗತ್ತಿಸಿ. ಅದು ಸಿಗದಿದ್ದರೆ ಮೂರನೆಯ ಊರೇ ಸರಿ.

ಇನ್ನೊಂದು ವಿಷಯ. ನಮ್ಮ ಪ್ರೌಢಶಾಲೆ ಶುರುವಾಗುವುದು 8ನೇ ತರಗತಿಯಿಂದ, ಶಿಕ್ಷಣ ಹಕ್ಕು ಕಾಯ್ದೆ ಅನ್ವಯವಾಗುವುದು 8ರವರೆಗೆ. ರಾಜ್ಯದ ನಿಯಮದಂತೆ 6ರಿಂದ 8ಕ್ಕೆ 3 ಕಿ.ಮೀ. ಒಳಗೆ ಶಾಲೆ ಇರಬೇಕು. ಕೊನೆಯ ಊರಿನವರು ತಮ್ಮ ಹಿರಿಯ ಪ್ರಾಥಮಿಕ ಶಾಲೆಯಲ್ಲೇ 8ನೇ ತರಗತಿ ತೆರೆಯಿರಿ ಎಂದು ಬೇರೆಯಾಗಿ ಅರ್ಜಿ ಕೊಡಬಹುದು.

ಲೆಕ್ಕ ತಪ್ಪುವುದು ಸಾಮಾನ್ಯವಾಗಿ ಎರಡು ಕಡೆ. ಶಾಲೆಯ ದಾಖಲಾತಿಯಂತೆ ಎಣಿಸಬೇಡಿ, ಮಗು ವಾಸವಿರುವ ಊರಿನಂತೆ ಎಣಿಸಿ. ಅಕ್ಕಪಕ್ಕದ ಹಳ್ಳಿಯ ಮಕ್ಕಳು ದೊಡ್ಡ ಊರಿನ ಹಾಜರಿ ಪುಸ್ತಕದಲ್ಲಿ ಸೇರಿಕೊಂಡು ಅದರ ಅಂಕಿಯನ್ನು ಉಬ್ಬಿಸಿರುತ್ತಾರೆ. ಮತ್ತೆ, ಒಂದೇ ವರ್ಷದ ಅಂಕಿ ಸಾಲದು, ಮೂರು ವರ್ಷದ ಸರಾಸರಿ ಹಿಡಿಯಿರಿ.

ಪ್ರಶ್ನೆ: ಊರ ಪಕ್ಕದಲ್ಲೇ ಗೋಮಾಳ ಖಾಲಿ ಬಿದ್ದಿದೆ. ಪಂಚಾಯಿತಿ ಠರಾವು ಮಾಡಿ ಶಾಲೆಗೆ 3 ಎಕರೆ ಕೊಟ್ಟಿದೆ. ದನ ಕಾಯುವವರು ವಿರೋಧಿಸುತ್ತಿದ್ದಾರೆ. ಠರಾವು ಸಾಕಲ್ಲವೇ? (ಶಿರಾ ತಾಲ್ಲೂಕು)

ಉತ್ತರ: ಸಾಲದು. ಗೋಮಾಳ ಪಂಚಾಯಿತಿಯ ಸ್ವತ್ತಲ್ಲ, ಕಂದಾಯ ಇಲಾಖೆಯದು. ಪಂಚಾಯಿತಿ ಠರಾವು ಶಿಫಾರಸು ಮಾತ್ರ. 1964ರ ಭೂಕಂದಾಯ ಕಾಯ್ದೆಯ 71ನೇ ಕಲಮಿನಂತೆ ಸಾರ್ವಜನಿಕ ಉದ್ದೇಶಕ್ಕೆ ಜಾಗ ಕಾಯ್ದಿರಿಸುವ ಅಧಿಕಾರ ಜಿಲ್ಲಾಧಿಕಾರಿಯವರದು. ಕಡತ ಗ್ರಾಮ ಆಡಳಿತಾಧಿಕಾರಿಯಿಂದ (ಹಿಂದಿನ ಗ್ರಾಮ ಲೆಕ್ಕಿಗರು) ಹೊರಟು ಕಂದಾಯ ನಿರೀಕ್ಷಕರು, ತಹಶೀಲ್ದಾರರು, ಉಪವಿಭಾಗಾಧಿಕಾರಿಗಳನ್ನು ದಾಟಿ ಅಲ್ಲಿಗೆ ಹೋಗುತ್ತದೆ.

ದನ ಕಾಯುವವರ ಮಾತನ್ನು ಹಗುರವಾಗಿ ತೆಗೆದುಕೊಳ್ಳಬೇಡಿ, ನಿಯಮ ಅವರ ಪರವಾಗಿಯೂ ಇದೆ. ಭೂಕಂದಾಯ ನಿಯಮಗಳ 97ನೇ ನಿಯಮ 100 ಜಾನುವಾರಿಗೆ 12 ಹೆಕ್ಟೇರ್ ಗೋಮಾಳ ಇರಬೇಕು ಎನ್ನುತ್ತದೆ. ಊರಿನಲ್ಲಿ 240 ಜಾನುವಾರು ಇದ್ದರೆ 28.8 ಹೆಕ್ಟೇರ್, ಅಂದರೆ ಸುಮಾರು 71 ಎಕರೆ ಬೇಕು. ನಿಮ್ಮಲ್ಲಿ 78 ಎಕರೆ ಇದ್ದರೆ 3 ಎಕರೆ ತೆಗೆದರೂ ತೊಂದರೆಯಿಲ್ಲ, ಜಗಳವೂ ಅಲ್ಲಿಗೇ ಮುಗಿಯುತ್ತದೆ. 60 ಎಕರೆಯೇ ಇದ್ದರೆ ಗೋಮಾಳದ ವಿಸ್ತೀರ್ಣ ಕಡಿಮೆ ಮಾಡಲು ಜಿಲ್ಲಾಧಿಕಾರಿ ಪ್ರತ್ಯೇಕ ಆದೇಶ ಮಾಡಬೇಕು. ಅದಿಲ್ಲದೆ ಗುದ್ದಲಿ ಪೂಜೆ ಮಾಡಿದರೆ ಯಾರಾದರೂ ತಡೆಯಾಜ್ಞೆ ತರುತ್ತಾರೆ, ಪಾಯ ಪಾಯವಾಗಿಯೇ ನಿಲ್ಲುತ್ತದೆ.

‘ಖಾಲಿ’ ಎಂಬ ಮಾತನ್ನೂ ನಂಬಬೇಡಿ. ಪಹಣಿಯ 9 (ಒಡೆತನ), 11 (ಇತರ ಹಕ್ಕು, ಋಣ) ಮತ್ತು 12ನೇ (ಸಾಗುವಳಿ) ಕಾಲಂ ನೋಡಿ. ಆಮೇಲೆ ತಾಲ್ಲೂಕು ಕಚೇರಿಯಲ್ಲಿ ಆ ಸರ್ವೆ ನಂಬರಿನ ಮೇಲೆ ಬಗರ್ ಹುಕುಂ ಅರ್ಜಿಗಳು (ಸರ್ಕಾರಿ ಜಾಗ ಉಳುತ್ತಿರುವವರು ಸಕ್ರಮಕ್ಕೆ ಕೊಟ್ಟವು) ಇವೆಯೇ ಎಂದು ಕೇಳಿ: ನಮೂನೆ 50, 53, 57, ಮೂರನ್ನೂ. ಉತ್ತರ ಬರದಿದ್ದರೆ 10 ರೂಪಾಯಿ ಕಟ್ಟಿ ಮಾಹಿತಿ ಹಕ್ಕಿನಲ್ಲಿ ಕೇಳಿ, 30 ದಿನದ ಗಡುವು ಇದೆ. ಇನ್ನು ಕೆಲವರು ಕೆರೆಯಂಗಳವನ್ನೂ ಗೋಮಾಳವೆಂದು ತೋರಿಸುತ್ತಾರೆ. ಗ್ರಾಮ ನಕಾಶೆಯಲ್ಲಿ ಕೆರೆ, ಹಳ್ಳ, ರಾಜಕಾಲುವೆಯ ಗೆರೆ ಎಲ್ಲಿ ಹಾದುಹೋಗಿದೆ ನೋಡಿ. ಊರಿನ ಸಾಮೂಹಿಕ ಜಾಗಗಳನ್ನು ಉಳಿಸಬೇಕೆಂದು 2011ರಲ್ಲಿ ಸುಪ್ರೀಂ ಕೋರ್ಟ್ ಜಗಪಾಲ್ ಸಿಂಗ್ ಪ್ರಕರಣದಲ್ಲಿ ಕಟುವಾಗಿಯೇ ಹೇಳಿದೆ. ಅದರಲ್ಲಿ ವಿನಾಯಿತಿಯ ಮಾತು ಇರುವುದು ಆಗಲೇ ಶಾಲೆಯಿರುವ ಜಾಗಕ್ಕೆ, ಹೊಸದಾಗಿ ಕಟ್ಟುವುದಕ್ಕಲ್ಲ.

ಪ್ರಶ್ನೆ: ಗೌಡರೊಬ್ಬರು 2 ಎಕರೆ ದಾನ ಕೊಡುತ್ತೇನೆ ಎನ್ನುತ್ತಿದ್ದಾರೆ. ‘ಅವರ ಜಮೀನಿಗೆ ಬೆಲೆ ಬರಲಿ ಅಂತ ಕೊಡ್ತಿದ್ದಾರೆ’ ಎಂದು ಇನ್ನೊಂದು ಬಣದ ಆಕ್ಷೇಪ. ಪುಕ್ಕಟೆ ಬಂದದ್ದನ್ನು ಬಿಡುವುದೇ? (ಹುಣಸೂರು ತಾಲ್ಲೂಕು)

ಉತ್ತರ: ಬೆಲೆ ಬಂದರೆ ಬರಲಿ, ಅದು ದಾನವನ್ನು ಕೆಡಿಸುವುದಿಲ್ಲ. ಕೆಡಿಸುವುದು ಬೇರೆ ಸಂಗತಿಗಳು.

ಮೊದಲನೆಯದು ಹಕ್ಕು. ಪಿತ್ರಾರ್ಜಿತ ಆಸ್ತಿಯಾದರೆ ಯಜಮಾನರ ಸಹಿಯೊಂದೇ ಸಾಲದು. ಮಗಳು, ಅಕ್ಕತಂಗಿಯರೂ ಸೇರಿ ಪಾಲು ಇರುವವರೆಲ್ಲ ಒಪ್ಪಿ ಸಹಿ ಹಾಕಬೇಕು. ಅವರನ್ನು ಬಿಟ್ಟು ಮಾಡಿದ ದಾನಪತ್ರ ಹತ್ತು ವರ್ಷದ ನಂತರ ಭಾಗದ ದಾವೆಯಲ್ಲಿ ಎದ್ದು ಬರುತ್ತದೆ. ಪರಿಶಿಷ್ಟರಿಗೆ ಸರ್ಕಾರ ಮಂಜೂರು ಮಾಡಿದ ಜಮೀನಾಗಿದ್ದರೆ 1978ರ ಪಿಟಿಸಿಎಲ್ ಕಾಯ್ದೆಯಂತೆ ಸರ್ಕಾರದ ಅನುಮತಿ ಇಲ್ಲದೆ ಪರಭಾರೆ ಆಗದು. ಬ್ಯಾಂಕಿನ ಸಾಲ ಇದೆಯೇ ಎಂದು ಋಣಭಾರ ಪತ್ರ ತೆಗೆಸಿ.

ಎರಡನೆಯದು ಅಳತೆ. ಸರ್ವೆ ನಂಬರಿನ ಒಂದು ಭಾಗವನ್ನಷ್ಟೇ ಕೊಡುವುದಾದರೆ 11ಇ ನಕ್ಷೆ (ಭೂಮಾಪಕರು ಆ ಭಾಗವನ್ನು ಅಳೆದು ಕೊಡುವ ನಕ್ಷೆ) ಇಲ್ಲದೆ ನೋಂದಣಿಯೇ ಆಗುವುದಿಲ್ಲ. ಆ ಅಳತೆಯ ದಿನ ಎರಡೂ ಬಣದವರು ಹೊಲದಲ್ಲಿರಲಿ. ದಾನಿಗಳು ರಸ್ತೆ ಬದಿಯನ್ನು ತಾವಿಟ್ಟುಕೊಂಡು ಹಿಂದಿನ ಪಾಲು ಕೊಡುವುದು ಹಳೆಯ ಜಾಣತನ. ಹಾಗಿದ್ದಲ್ಲಿ ಕನಿಷ್ಠ 20 ಅಡಿ ದಾರಿಯನ್ನು ದಾನಪತ್ರದಲ್ಲೇ ಚೆಕ್ಕುಬಂದಿಯೊಂದಿಗೆ ಬರೆಸಿ. ಜಲ್ಲಿ ಲಾರಿ ಹೋಗದ ಜಾಗದಲ್ಲಿ ಕಟ್ಟಡ ಏಳುವುದಿಲ್ಲ.

ಆಕಾರವನ್ನೂ ನೋಡಿ. 2 ಎಕರೆ ಎಂದರೆ 80 ಗುಂಟೆ, ಸುಮಾರು 8,094 ಚದರ ಮೀಟರ್. ನಾಲ್ಕು ಸಾಲಿನ 200 ಮೀಟರ್ ಓಟದ ಪಥಕ್ಕೆ ಹತ್ತಿರ ಹತ್ತಿರ 92×42 ಮೀಟರ್, 38 ಗುಂಟೆ ಹೋಗುತ್ತದೆ. ಚೌಕಕ್ಕೆ ಹತ್ತಿರದ ಜಾಗವಾದರೆ ಪಥವೂ ಕಟ್ಟಡವೂ ಹಿಡಿಸುತ್ತವೆ. ಅದೇ 2 ಎಕರೆ 40 ಮೀಟರ್ ಅಗಲದ ಪಟ್ಟಿಯಾಗಿದ್ದರೆ ಈ ಅಳತೆಯ ಪಥ ಕೂರುವುದಿಲ್ಲ, ಕಬಡ್ಡಿ, ವಾಲಿಬಾಲಿಗೇ ತೃಪ್ತಿಪಡಬೇಕು. ಇಳಿಜಾರು ನೂರಕ್ಕೆ 5 ಇದ್ದರೆ 42 ಮೀಟರ್ ಅಗಲದಲ್ಲಿ 2.1 ಮೀಟರ್ ಏರಿಳಿತ. ಪಥವೊಂದನ್ನು ಮಟ್ಟ ಮಾಡಲು ಸುಮಾರು 1,000 ಘನ ಮೀಟರ್ ಮಣ್ಣು ಕಡಿದು ಇನ್ನೊಂದು ಬದಿಗೆ ತುಂಬಬೇಕು, ಮೇಲೆ ತಡೆಗೋಡೆ. ಆ ಖರ್ಚು ಕೊಠಡಿಗಳ ಅಂದಾಜು ಪಟ್ಟಿಯಲ್ಲಿ ಸೇರಿದೆಯೇ ಎಂದು ಮೊದಲೇ ಕೇಳಿಕೊಳ್ಳಿ.

ಮೂರನೆಯದು ಪತ್ರ. ಸ್ಥಿರಾಸ್ತಿಯ ದಾನಕ್ಕೆ ನೋಂದಾಯಿತ ಪತ್ರ, ಇಬ್ಬರು ಸಾಕ್ಷಿ, ದಾನಿ ಬದುಕಿರುವಾಗಲೇ ಇಲಾಖೆಯ ಸ್ವೀಕಾರ, ಮೂರೂ ಬೇಕು. ವೇದಿಕೆಯ ಮೇಲೆ ಹಾರ ಹಾಕಿಸಿಕೊಂಡು ಘೋಷಿಸಿದ್ದು ದಾನವಲ್ಲ. ‘ನನಗೆ ಬೇಕಾದಾಗ ವಾಪಸ್’ ಎಂಬ ಷರತ್ತು ಹಾಕಿದರೆ ದಾನವೇ ಕಾನೂನಿನಲ್ಲಿ ನಿಲ್ಲುವುದಿಲ್ಲ. ನೋಂದಣಿಯಾದ ಮೇಲೆ ಮ್ಯುಟೇಷನ್ ಆಗಿ ಪಹಣಿಯಲ್ಲಿ ಇಲಾಖೆಯ ಹೆಸರು ಕೂತ ಮೇಲೆಯೇ ಕೆಲಸ ಶುರುಮಾಡಿ. ಶಾಲೆಗೆ ದಾನಿಯ ಹೆಸರಿಡುವ ಮಾತು ಕೊಡಲು ಎಸ್‌ಡಿಎಂಸಿಗೆ (ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಗೆ) ಅಧಿಕಾರವಿಲ್ಲ, ಅದಕ್ಕೆ ಸರ್ಕಾರದ ಆದೇಶ ಬೇಕು.

ಪ್ರಶ್ನೆ: ನಮ್ಮ ಕಡೆ ಎಲ್ಲಾ ಎರೀ ಭೂಮಿ ರೀ. ಎರಡ ಜಾಗ ತೋರಿಸ್ಯಾರ, ಎರಡೂ ಬಣದವ್ರು ‘ನಮ್ಮ ಜಾಗಾನ ಗಟ್ಟಿ’ ಅಂತಾರ. ತಿಳಕೊಳ್ಳೂದು ಹ್ಯಾಂಗ? (ನವಲಗುಂದ ತಾಲ್ಲೂಕು)

ಉತ್ತರ: ಎರಡೂ ಕಡೆ ಮೂರು ಮೂರು ಗುಂಡಿ ತೆಗೆಸಿ, ಎರಡೂವರೆ ಮೀಟರ್ ಆಳ. ಎಷ್ಟು ಆಳಕ್ಕೆ ಗರಸು ಸಿಕ್ಕಿತು ಎಂದು ಬರೆದಿಟ್ಟುಕೊಳ್ಳಿ. ಒಂದೂವರೆ, ಎರಡು ಮೀಟರಿನೊಳಗೆ ಸಿಕ್ಕರೆ ಪಾಯವನ್ನು ಗರಸಿನ ಮೇಲೇ ಕೂರಿಸಬಹುದು. ಸಿಗದಿದ್ದರೆ ಬುಡದಲ್ಲಿ ಗಡಿಗೆಯಂತೆ ಅಗಲಿಸಿದ ಅಂಡರ್‌ರೀಮ್ಡ್ ಪೈಲ್ (ನೆಲದೊಳಗಿನ ಕಾಂಕ್ರೀಟ್ ಕಂಬ) ಹಾಕಬೇಕಾಗುತ್ತದೆ. ಆಳವಾದ ಎರೆಯಲ್ಲಿ ಅದರ ಉದ್ದ 3.5 ಮೀಟರಿಗೆ ಕಡಿಮೆ ಇರಬಾರದು. ಖರ್ಚು ಏರುತ್ತದೆ. ಸಾಮಾನ್ಯ ಪಾಯ ಹಾಕಿ ಉಳಿಸಲು ಹೋದರೆ ಮಳೆಗೆ ಮಣ್ಣು ಹಿಗ್ಗಿ, ಬೇಸಿಗೆಗೆ ಕುಗ್ಗಿ, ಕಿಟಕಿಯ ಮೂಲೆಯಿಂದ ಓರೆಯಾಗಿ ಬಿರುಕು ಹೊರಡುತ್ತದೆ.

ವಿಜ್ಞಾನದ ಮೇಷ್ಟ್ರಿಗೂ ಕೆಲಸ ಕೊಡಿ. ಒಣಗಿಸಿ, 425 ಮೈಕ್ರಾನ್ ಜರಡಿಯಲ್ಲಿ ಸಾಣಿಸಿದ ಮಣ್ಣನ್ನು 10 ಗ್ರಾಂನಂತೆ ಎರಡು 100 ಮಿ.ಲೀ. ಅಳತೆಗೊಳವೆಗೆ ಹಾಕಿ, ಒಂದಕ್ಕೆ ನೀರು, ಇನ್ನೊಂದಕ್ಕೆ ಸೀಮೆಎಣ್ಣೆ ತುಂಬಲಿ. ಗಾಳಿಗುಳ್ಳೆ ಹೋಗುವಂತೆ ಕದಡಿ 24 ಗಂಟೆ ಬಿಟ್ಟು ಮಣ್ಣಿನ ಮಟ್ಟ ಓದಿ. ಸೀಮೆಎಣ್ಣೆಯಲ್ಲಿ 10, ನೀರಿನಲ್ಲಿ 16 ಬಂದರೆ ಹಿಗ್ಗು ನೂರಕ್ಕೆ 60. ಐವತ್ತು ದಾಟಿತೆಂದರೆ ಮಣ್ಣು ಬಲು ಹಠಮಾರಿ. ಎಂಜಿನಿಯರ ವರದಿಗೆ ಇದು ಬದಲಿಯಲ್ಲ, ಆದರೆ ‘ನಮ್ಮದೇ ಗಟ್ಟಿ’ ಎನ್ನುವವರ ಮುಂದೆ ಎರಡು ಗೊಳವೆ ಇಟ್ಟರೆ ಮಾತು ಕಡಿಮೆಯಾಗುತ್ತದೆ.

ಪ್ರಶ್ನೆ: ಸುತ್ತಲೂ ಕಾಡು. ಕಂದಾಯ ಜಾಗವೇ ಇಲ್ಲ. ಅರಣ್ಯ ಜಾಗ ಸಿಗುತ್ತದೆಯೇ? (ತೀರ್ಥಹಳ್ಳಿ ತಾಲ್ಲೂಕು)

ಉತ್ತರ: ಸಿಗಬಹುದು. 2006ರ ಅರಣ್ಯ ಹಕ್ಕು ಕಾಯ್ದೆಯ 3(2)ನೇ ಕಲಮಿನಲ್ಲಿ ಶಾಲೆಗೆ 1 ಹೆಕ್ಟೇರಿಗಿಂತ ಕಡಿಮೆ ಜಾಗ ಕೊಡಲು ಅವಕಾಶವಿದೆ. ಕಡಿಯುವ ಮರ ಹೆಕ್ಟೇರಿಗೆ 75 ಮೀರಬಾರದು, ಗ್ರಾಮಸಭೆಯ ಶಿಫಾರಸು ಇರಲೇಬೇಕು. ನಿಮ್ಮ ಊರಿನ ಒಳಜಗಳ ದುಬಾರಿಯಾಗುವುದು ಇಲ್ಲೇ: ಗ್ರಾಮಸಭೆ ಒಡೆದರೆ ಅರ್ಜಿ ಮುಂದೆ ಹೋಗದು. ಪಹಣಿಯಲ್ಲಿ ‘ಸರ್ಕಾರಿ’ ಎಂದಿರುವ ಸೊಪ್ಪಿನಬೆಟ್ಟ, ಕಾನು ಜಾಗಗಳೂ ಅರಣ್ಯವೆಂದು ಅಧಿಸೂಚನೆ ಆಗಿರಬಹುದು, ವಲಯ ಅರಣ್ಯಾಧಿಕಾರಿಗಳಲ್ಲಿ ಕೇಳಿ. ದೂರವನ್ನು ಬೇಸಿಗೆಯಲ್ಲಿ ಅಳೆಯಬೇಡಿ. ಕಾಲುಸಂಕ ಮುಳುಗುವ ಜುಲೈ ತಿಂಗಳಲ್ಲಿ ಮಗು ಯಾವ ದಾರಿ ಹಿಡಿಯುತ್ತದೋ ಅದೇ ನಿಜವಾದ ದೂರ.

ಪ್ರಶ್ನೆ: ಜಾಗದ ಮೇಲೆ ವಿದ್ಯುತ್ ತಂತಿ ಹಾದಿದೆ, ಹತ್ತಿರದಲ್ಲಿ ಬಾರ್ ಇದೆ. ಬಿಡಬೇಕೇ? (ಚಿಂತಾಮಣಿ ತಾಲ್ಲೂಕು)

ಉತ್ತರ: 11 ಕೆ.ವಿ. ತಂತಿಯಾದರೆ ಸ್ಥಳಾಂತರಿಸಬಹುದು, ಖರ್ಚನ್ನು ಯಾರು ಕಟ್ಟುತ್ತಾರೆ ಎಂದು ಮೊದಲೇ ಬರೆಸಿ. 66 ಕೆ.ವಿ. ಆದರೆ ಅದರಡಿಯ 18 ಮೀಟರ್ ಪಟ್ಟಿಯನ್ನು ಜಾಗದ ಲೆಕ್ಕದಿಂದಲೇ ತೆಗೆದುಬಿಡಿ. ಬಾರ್ ಶಾಲೆಯಿಂದ 100 ಮೀಟರ್ ಒಳಗಿರಬಾರದೆಂಬ ನಿಯಮವಿದೆ, ಆದರೆ ಮೊದಲೇ ಇರುವ ಬಾರನ್ನು ಆಮೇಲೆ ಬಂದ ಶಾಲೆ ಎಬ್ಬಿಸುವುದು ಸುಲಭವಲ್ಲ. ನಿಮ್ಮ ಭಾಗದಲ್ಲಿ ಇದಕ್ಕಿಂತ ದೊಡ್ಡ ಪ್ರಶ್ನೆ ನೀರು: ಹತ್ತಿರದ ಕೊಳವೆಬಾವಿಯ ನೀರನ್ನು ಪರೀಕ್ಷೆಗೆ ಕಳಿಸಿ, ಫ್ಲೋರೈಡ್ ಲೀಟರಿಗೆ 1.5 ಮಿ.ಗ್ರಾಂ ದಾಟಿದರೆ ಶುದ್ಧೀಕರಣ ಘಟಕದ ಜಾಗವನ್ನೂ ನಕ್ಷೆಯಲ್ಲಿ ಸೇರಿಸಿ.

ಪ್ರಶ್ನೆ: ಎಷ್ಟು ಸಭೆ ಮಾಡಿದರೂ ಒಮ್ಮತವಿಲ್ಲ. ಈ ವರ್ಷದ ತರಗತಿಗಳನ್ನು ತಾತ್ಕಾಲಿಕವಾಗಿ ಒಂದು ಊರಿನ ಪ್ರಾಥಮಿಕ ಶಾಲೆಯಲ್ಲಿ ನಡೆಸಿ ಎಂದಿದ್ದಾರೆ. ಒಪ್ಪಬಹುದೇ? (ಕಡೂರು ತಾಲ್ಲೂಕು, ಇನ್ನೊಬ್ಬರು)

ಉತ್ತರ: ಒಪ್ಪಿ, ಮಕ್ಕಳ ವರ್ಷ ಹಾಳಾಗಬಾರದು. ಆದರೆ ತಾತ್ಕಾಲಿಕ ಎಂಬುದು ನಮ್ಮಲ್ಲಿ ಬೇಗ ಬೇರು ಬಿಡುತ್ತದೆ. ‘ಇದು ಕಾಯಂ ಜಾಗದ ಆಯ್ಕೆಗೆ ಆಧಾರವಾಗುವುದಿಲ್ಲ’ ಎಂಬ ಸಾಲನ್ನು, ಕೊನೆಯ ದಿನಾಂಕದೊಂದಿಗೆ, ನಡಾವಳಿಯಲ್ಲಿ ಬರೆಸಿ. ಅಷ್ಟರೊಳಗೆ ಕ್ಷೇತ್ರ ಶಿಕ್ಷಣಾಧಿಕಾರಿ, ತಾಲ್ಲೂಕು ಭೂಮಾಪಕರು, ಪಂಚಾಯತ್ ರಾಜ್ ಎಂಜಿನಿಯರಿಂಗ್ ಉಪವಿಭಾಗದವರು, ಪಿಡಿಒ ಸೇರಿ ಎಲ್ಲ ಜಾಗಗಳನ್ನೂ ಒಂದೇ ದಿನ ಜಂಟಿಯಾಗಿ ನೋಡಲಿ. ಬೇರೆ ಬೇರೆ ದಿನ ನೋಡಿದರೆ ‘ನಮ್ಮ ಜಾಗಕ್ಕೆ ಬಂದಾಗ ಐದೇ ನಿಮಿಷ ನಿಂತರು’ ಎಂಬ ಹೊಸ ಜಗಳ ಹುಟ್ಟುತ್ತದೆ. ಪ್ರತಿ ಜಾಗಕ್ಕೂ ಒಂದೇ ನಮೂನೆಯ ಹಾಳೆ ಇರಲಿ: ನಡಿಗೆಯ ಮೊತ್ತ, ಅತಿ ದೂರದ ಮಗು, ಒಡೆತನ, ವಿಸ್ತೀರ್ಣ, ಅಗಲ, ದಾರಿ, ನೀರು, ಮಣ್ಣು. ಪರಿಶಿಷ್ಟರ ಕಾಲೊನಿಯ ಮಕ್ಕಳು ಅಲ್ಲಿಗೆ ಯಾರ ಹೊಲ, ಯಾರ ಬೀದಿ ಹಾದು ಬರಬೇಕು ಎಂಬುದಕ್ಕೂ ಒಂದು ಸಾಲು ಬಿಡಿ. ಸಭೆಯಲ್ಲಿ ಯಾರೂ ಬಾಯಿ ಬಿಟ್ಟು ಹೇಳದ ಕಾರಣ ಎಷ್ಟೋ ಸಲ ಅದೇ. ಒಪ್ಪದವರ ಆಕ್ಷೇಪವನ್ನು ಅವರ ಮಾತಿನಲ್ಲೇ ದಾಖಲಿಸಿ, ಸಹಿ ಪಡೆದು, ಕಡತದ ಜೊತೆಗೇ ಮೇಲಕ್ಕೆ ಕಳಿಸಿ.