ಬರೋಲೊ ವೈನನ್ನು ವರ್ಷಗಟ್ಟಲೆ ಮಾಗಿಸುವುದು ಏಕೆ?

ಇಟಲಿಯ ವಾಯವ್ಯಕ್ಕಿರುವ ಪಿಯೆಮಾಂಟೆ ಪ್ರಾಂತ್ಯದಲ್ಲಿ, ಲಾಂಗೆ ಗುಡ್ಡಗಳ 11 ಊರುಗಳ ಎಲ್ಲೆಯೊಳಗೆ, ನೆಬ್ಬಿಯೋಲೊ ಎಂಬ ಒಂದೇ ತಳಿಯ ದ್ರಾಕ್ಷಿಯಿಂದ ತಯಾರಾಗುವ ಕೆಂಪು ವೈನ್ ಬರೋಲೊ. ಅದನ್ನು ಇಷ್ಟು ಕಾಲ ಕಾಯಿಸುವುದಕ್ಕೆ ಕಾರಣ ಈ ತಳಿಯ ಸ್ವಭಾವದಲ್ಲೇ ಇದೆ. ಬಣ್ಣ ತೆಳುವಾಗಿದ್ದರೂ, ಅದರ ಹುಳಿಯೂ ಸಿಪ್ಪೆ ಮತ್ತು ಬೀಜಗಳಿಂದ ಇಳಿಯುವ ಟ್ಯಾನಿನ್‌ನ ಒಗರೂ ಎಷ್ಟು ತೀಕ್ಷ್ಣವೆಂದರೆ, ಹೊಸ ವೈನ್ ನೆಲ್ಲಿಕಾಯಿ ಕಚ್ಚಿದಂತೆ ಬಾಯನ್ನು ಬಿಗಿಯುತ್ತದೆ. ಪೀಪಾಯಿಯ ಮರದ ಮೂಲಕ ಬಹು ನಿಧಾನವಾಗಿ ಒಳಸೇರುವ ಗಾಳಿಯ ಸಂಪರ್ಕದಿಂದ ಈ ಒಗರು ಕ್ರಮೇಣ ಮೃದುವಾಗುತ್ತದೆ, ಬಣ್ಣ ಇಟ್ಟಿಗೆಗೆಂಪಿಗೆ ಹೊರಳುತ್ತದೆ, ಒಣ ಗುಲಾಬಿ, ಡಾಂಬರು, ತೊಗಲುಗಳನ್ನು ನೆನಪಿಸುವ ಪರಿಮಳ ಮೂಡುತ್ತದೆ. ಗುಲಾಬಿ ಮತ್ತು ಡಾಂಬರಿನ ಈ ಜೋಡಿ ವಿಚಿತ್ರವೆನಿಸಬಹುದು, ಆದರೆ ಬರೋಲೊವಿನ ನಿಜವಾದ ಗುರುತು ಅದೇ.

ಆದ್ದರಿಂದಲೇ ಕೊಯ್ಲಿನ ವರ್ಷದ ನವೆಂಬರ್ 1ರಿಂದ ಕನಿಷ್ಠ 38 ತಿಂಗಳು, ಅದರಲ್ಲಿ 18 ತಿಂಗಳು ಮರದ ಪೀಪಾಯಿಯಲ್ಲಿ, ಮಾಗಿಸಬೇಕೆಂಬ ನಿಯಮವಿದೆ. ಇನ್ನೂ ಹೆಚ್ಚು ಕಾಲ ಮಾಗಿಸಿದ ಬರೋಲೊಗೆ ಸಲ್ಲುವ ‘ರಿಸರ್ವಾ’ ಎಂಬ ಹೆಸರು ಪಡೆಯಲು 62 ತಿಂಗಳು ಬೇಕು. 19ನೆಯ ಶತಮಾನದಲ್ಲಿ ಸವೊಯ್ ರಾಜಮನೆತನದ ಮೆಚ್ಚುಗೆ ಗಳಿಸಿದ ಈ ವೈನ್ ‘ದೊರೆಗಳ ವೈನ್, ವೈನ್‌ಗಳ ದೊರೆ’ ಎಂದು ಹೆಸರಾಯಿತು. 1980ರಲ್ಲಿ ಅದಕ್ಕೆ ಇಟಲಿಯ ಅತ್ಯುನ್ನತ ಮೂಲಸ್ಥಾನ ಮಾನ್ಯತೆಯಾದ ಡಿಒಸಿಜಿ ದೊರೆಯಿತು. 2014ರಲ್ಲಿ ಆ ದ್ರಾಕ್ಷಿತೋಟಗಳ ಭೂದೃಶ್ಯವೇ ಯುನೆಸ್ಕೊ ವಿಶ್ವ ಪರಂಪರೆಯ ಪಟ್ಟಿಗೆ ಸೇರಿತು. ಒಳ್ಳೆಯ ವರ್ಷದ ಬಾಟಲಿಯನ್ನು ಹತ್ತು ವರ್ಷವಾದರೂ ತುಂಬುವ ಮೊದಲು ತೆರೆಯುವುದು ಆ ದ್ರಾಕ್ಷಿಗೆ ಮಾಡುವ ಅನ್ಯಾಯವೆಂದೇ ನನ್ನ ಭಾವನೆ.