‘ಮತ್ತು ಬಳಗ’ ಅಂದರೆ ಯಾರು?

ಉಡುಪಿ ಕುಂಜಿಬೆಟ್ಟಿನ ಓದುಗರೊಬ್ಬರು ಬರೆದಿದ್ದಾರೆ: “ಕಳೆದ ಸಂಚಿಕೆಯಲ್ಲಿ ಬ್ಲ್ಯಾಕ್ ಸಬಾತ್ ಎಂಬ ಇಂಗ್ಲೆಂಡಿನ ರಾಕ್ ತಂಡದ ಬಗ್ಗೆ ಮೂರು ಪುಟ ಹಾಕಿದ್ದೀರಿ. ವಯಸ್ಸಾದ ಮೇಲೆ ದುಡ್ಡಿಗಾಗಿ ಮತ್ತೆ ಒಂದಾದವರ ಮೇಲೆ ಇಷ್ಟು ಅಕ್ಕರೆ ಯಾಕೆ? 2013ರ ಆಲ್ಬಮ್‌ನಲ್ಲಿ ಹಳೆಯ ಡ್ರಮ್ಸ್‌ನವರು ಇರಲಿಲ್ಲ ಎಂದು ಲೇಖಕರು ಮರುಗಿದ್ದಾರೆ. ಹಾಡುವವರಿದ್ದರು, ಗಿಟಾರಿನವರಿದ್ದರು. ಹಿಂದೆ ಯಾರು ಕೂತರೇನು? ಯಕ್ಷಗಾನದ ನಾಡಿನ ಪತ್ರಿಕೆಗೆ ಇದೆಲ್ಲ ಬೇಕಾ?”

ಉತ್ತರ:

ನಿಮ್ಮ ಪತ್ರವನ್ನು ಎರಡು ಸಲ ಓದಿದೆ. ದುಡ್ಡಿನ ಮಾತು ಪೂರ್ತಿ ಸುಳ್ಳಲ್ಲ. ಹಳೆ ಹೆಸರು ಹೇಳಿ ಟಿಕೆಟ್ ಮಾರುವವರು ಎಲ್ಲ ಊರಿನಲ್ಲೂ ಇದ್ದಾರೆ. ಆದರೆ “ಹಿಂದೆ ಯಾರು ಕೂತರೇನು” ಎಂದು ಉಡುಪಿಯಿಂದ ಒಬ್ಬರು ಬರೆದರಲ್ಲ, ಅದಕ್ಕೆ ಬೇಸರವಾಯಿತು. ನಿಮ್ಮ ದುಂಡನೆಯ ಕೈಬರಹ ನೋಡಿದರೆ ನನಗಿಂತ ಜಾಸ್ತಿ ಯಕ್ಷಗಾನದ ಆಟ ನೋಡಿದವರು ಅನಿಸುತ್ತದೆ. ನೀವೇ ಹೀಗೆ ಅಂದರೆ ಹೇಗೆ?

ಬ್ಲ್ಯಾಕ್ ಸಬಾತ್‌ನ ಆ ನಾಲ್ವರ ಕಥೆಯಿಂದಲೇ ಶುರು ಮಾಡುತ್ತೇನೆ. ಬರ್ಮಿಂಗ್‌ಹ್ಯಾಮ್‌ನ ಆಸ್ಟನ್ ದುಡಿಯುವವರ ಬಡಾವಣೆ. ಟೋನಿ ಅಯೋಮಿಗೆ ಆಗ 17 ವರ್ಷ. ತಗಡಿನ ಕಾರ್ಖಾನೆಯ ಕೆಲಸ ಬಿಡುವ ದಿನವೇ ಯಂತ್ರಕ್ಕೆ ಕೈ ಸಿಕ್ಕಿ ಬಲಗೈಯ ಎರಡು ಬೆರಳಿನ ತುದಿ ಹೋಯಿತು. ಅವರು ಎಡಗೈಯವರು. ಗಿಟಾರಿನ ತಂತಿ ಒತ್ತುವುದು ಬಲಗೈಯಲ್ಲೇ. ಪ್ಲಾಸ್ಟಿಕ್ ಬಾಟಲಿ ಕರಗಿಸಿ ಬೆರಳಿಗೆ ಟೊಪ್ಪಿ ಮಾಡಿಕೊಂಡರು, ಮೇಲೆ ಚರ್ಮ ಅಂಟಿಸಿದರು. ತೆಳು ತಂತಿ ಹಾಕಿದರು. ಕೆಲವು ವರ್ಷದ ನಂತರ ತಂತಿಯ ಬಿಗಿಯನ್ನೂ ಸಡಿಲಿಸಿದರು. ಶ್ರುತಿ ಕೆಳಗಿಳಿಯಿತು. ಬಾಸ್ ನುಡಿಸುವ ಗೀಝರ್ ಬಟ್ಲರ್ ಅವರ ಜೊತೆಗೇ ಇಳಿದರು. ಜಾಝ್ ಕೇಳಿ ಬೆಳೆದ ಬಿಲ್ ವಾರ್ಡ್ ಆ ಭಾರಕ್ಕೆ ತಕ್ಕ ಪೆಟ್ಟು ಹುಡುಕಿದರು. ಓಝಿ ಆಸ್ಬೋರ್ನ್ ಅದರ ಮೇಲೆ ಹಾಡಿದರು. ಹೆವಿ ಮೆಟಲ್ ಎಂದು ಜಗತ್ತು ಕರೆದ ಸದ್ದು ಈ ನಾಲ್ವರ ನಡುವೆ ಹುಟ್ಟಿತು. ಅದರಲ್ಲಿ ಯಾರನ್ನು ತೆಗೆದು ಬದಿಗಿಡುತ್ತೀರಿ?

1979ರಲ್ಲಿ ಓಝಿಯನ್ನು ತಂಡದಿಂದ ತೆಗೆದರು. ಆಮೇಲೆ ಆಗಾಗ ಸೇರಿದರು, ಬಿಟ್ಟರು. 2011ರ ನವೆಂಬರ್ 11ರಂದು ನಾಲ್ವರೂ ಒಟ್ಟಿಗೆ ಕೂತು ಹೊಸ ಆಲ್ಬಮ್ ಮಾಡುತ್ತೇವೆ ಎಂದು ಹೇಳಿದರು. ಎರಡೇ ತಿಂಗಳಲ್ಲಿ ಅಯೋಮಿಗೆ ಲಿಂಫೋಮಾ ಎಂಬ ಕ್ಯಾನ್ಸರ್ ಇರುವುದು ಗೊತ್ತಾಯಿತು. ಚಿಕಿತ್ಸೆಯ ನಡುವೆಯೇ ಅವರು ಗಿಟಾರ್ ಹಿಡಿದರು. ಅದನ್ನು ದುಡ್ಡಿನ ಆಸೆ ಅನ್ನಲು ನನಗೆ ಬಾಯಿ ಬರುವುದಿಲ್ಲ.

ವಾರ್ಡ್ ಮಾತ್ರ ಹೊರಗುಳಿದರು. ಸಹಿ ಹಾಕಬಹುದಾದ ಕರಾರು ಕೊಟ್ಟರೆ ಬರುತ್ತೇನೆ ಎಂದು 2012ರ ಫೆಬ್ರವರಿಯಲ್ಲಿ ಹೇಳಿದ್ದರು. ಮಾತು ಕೂಡಿಬರಲಿಲ್ಲ. ಅವರ ಜಾಗದಲ್ಲಿ ಬ್ರ್ಯಾಡ್ ವಿಲ್ಕ್ ನುಡಿಸಿದರು. ಅವರೂ ಒಳ್ಳೆಯ ವಾದಕರೇ. 2013ರ ಜೂನ್‌ನಲ್ಲಿ ‘13’ ಎಂಬ ಹೆಸರಿನಲ್ಲಿ ಆಲ್ಬಮ್ ಬಂತು. ಬ್ರಿಟನ್ನಿನ ಆಲ್ಬಮ್ ಮಾರಾಟದ ಪಟ್ಟಿಯಲ್ಲಿ ಮೊದಲ ಸ್ಥಾನಕ್ಕೇರಿತು. 1970ರ ನಂತರ ಅವರು ಆ ಜಾಗ ಕಂಡಿರಲಿಲ್ಲ.

ನಾನದನ್ನು ಮೊದಲು ಕೇಳಿದ್ದು ಮಂಗಳೂರು ಬಿಜೈಯ ಮನೆಯಲ್ಲಿ, ಅದೇ ಜೂನಿನ ಜಡಿಮಳೆಯಲ್ಲಿ. ಕೊನೆಯ ಹಾಡು ಮುಗಿಯುವಾಗ ಮಳೆ, ಗುಡುಗು, ಚರ್ಚಿನ ಗಂಟೆ ಕೇಳಿಸುತ್ತದೆ. 1970ರ ಅವರ ಮೊದಲ ಆಲ್ಬಮ್ ಶುರುವಾಗುವುದು ಅದೇ ಸದ್ದಿನಿಂದ. ಕಣ್ಣು ತುಂಬಿ ಬಂತು. ಹಾಗಿದ್ದೂ ಪೂರ್ತಿ ಆಲ್ಬಮ್‌ನಲ್ಲಿ ಏನೋ ಕಡಿಮೆ ಅನಿಸುತ್ತಿತ್ತು. ತಾಳ ಎಲ್ಲೂ ತಪ್ಪಿರಲಿಲ್ಲ. ಆದರೆ ಹಳೆಯ ಆಲ್ಬಮ್‌ಗಳಲ್ಲಿ ವಾರ್ಡ್ ಗಿಟಾರಿನ ಹಿಂದೆ ಒಂದು ಚೂರು ಎಳೆಯುತ್ತಾರೆ, ಥಟ್ಟನೆ ಮುಂದೆ ನುಗ್ಗುತ್ತಾರೆ, ಮತ್ತೆ ಜಾಗ ಬಿಡುತ್ತಾರೆ. ಆ ಎಳೆದಾಟ ಸಿಗಲಿಲ್ಲ.

ಅದೇನು ಎಂದು ನನಗೆ ತಿಳಿಸಿಕೊಟ್ಟವರು ಬಿಜೈಯ ನಮ್ಮ ಪಕ್ಕದ ಮನೆಯವರು. ಹಗಲು ಹಂಚಿನ ಕಾರ್ಖಾನೆಯಲ್ಲಿ ಕೆಲಸ. ಸಂಜೆ ಮತ್ತು ಭಾನುವಾರ ಬ್ಯಾಂಡಿನಲ್ಲಿ ಡ್ರಮ್ಸ್. ಕ್ರೈಸ್ತರ ಮದುವೆಯ ಮುನ್ನಾದಿನದ ರೋಸ್, ಮದುವೆ, ಚರ್ಚಿನ ಹಬ್ಬ, ಎಲ್ಲಿ ಕರೆದರೂ ಹೋಗುತ್ತಿದ್ದರು. ಅವರು ಬೈಲಾ ಎಂಬ ಕುಣಿತದ ಹಾಡು ಶುರು ಮಾಡಿದರೆ ಊಟದ ಸಾಲಿನಲ್ಲಿ ನಿಂತ ಅಜ್ಜಿಯರೂ ತಟ್ಟೆ ಇಟ್ಟು ಕುಣಿಯಲು ಬರುತ್ತಿದ್ದರು. ಒಂದು ವರ್ಷ ಬ್ಯಾಂಡಿಗೆ ಹೊಸ ಕೀಬೋರ್ಡ್ ಬಂತು. ಗುಂಡಿ ಒತ್ತಿದರೆ ತಾಳ ತಾನಾಗಿ ಬರುತ್ತಿತ್ತು. ಡ್ರಮ್ಸ್ ಸಾಗಿಸುವ ಟೆಂಪೋ ಬಾಡಿಗೆ ಉಳಿಯುತ್ತದೆ, ಒಬ್ಬರ ಪಾಲೂ ಉಳಿಯುತ್ತದೆ ಎಂದು ಬ್ಯಾಂಡಿನ ಉಳಿದವರು ಲೆಕ್ಕ ಹಾಕಿದರು. ಅವರು ಜಗಳ ಮಾಡಲಿಲ್ಲ. ಡ್ರಮ್ಸ್ ಅಟ್ಟ ಸೇರಿತು.

ಸುಮಾರು ಇಪ್ಪತ್ತು ವರ್ಷ ಕಳೆಯಿತು. ಆ ಬ್ಯಾಂಡಿನಲ್ಲಿ ಹಾಡುತ್ತಿದ್ದವರ ಮಗಳ ಮದುವೆ ಬಂತು. ಹಾಡುಗಾರರು ತಾವೇ ಮನೆಗೆ ಬಂದು ಬಾಗಿಲಲ್ಲಿ ನಿಂತು, “ಒಂದು ದಿನಕ್ಕೆ ಬಾ” ಎಂದರು. ಇವರು ಎರಡು ದಿನ ಕೂತು ಡ್ರಮ್ಸ್ ಒರೆಸಿದರು. ಮದುವೆಗೆ ನಾನೂ ಹೋಗಿದ್ದೆ. ಮೊದಲ ಹಾಡಿನಲ್ಲಿ ಕೈ ಬಿಗಿಯಾಗಿತ್ತು. ಎರಡನೆಯದಕ್ಕೆ ಸರಿಹೋಯಿತು. ಹಾಡುಗಾರರಿಗೂ ವಯಸ್ಸಾಗಿತ್ತು, ಉದ್ದದ ಸಾಲಿಗೆ ಉಸಿರು ಸಾಲುತ್ತಿರಲಿಲ್ಲ. ಪ್ರತಿ ಸಲ ಅವರ ಉಸಿರು ಕಡಿಯುವ ಮೊದಲೇ ಡ್ರಮ್ಸ್ ಒಂದಿಷ್ಟು ಜಾಗ ಮಾಡಿಕೊಡುತ್ತಿತ್ತು. ಕುಣಿಯುವವರಿಗೆ ಏನೂ ಗೊತ್ತಾಗಲಿಲ್ಲ. ಮರುದಿನ ಅವರನ್ನೇ ಕೇಳಿದೆ, ಅದು ಹೇಗೆ ಗೊತ್ತಾಗುತ್ತದೆ ಎಂದು. “ನಾನು ಅಷ್ಟು ವರ್ಷ ನೋಡಿದ್ದು ಅವನ ಬೆನ್ನನ್ನೇ ಅಲ್ವಾ ಮಾರಾಯ್ರೆ? ಹೆಗಲು ಏಳುವಾಗಲೇ ಗೊತ್ತಾಗ್ತದೆ” ಎಂದರು.

ಈಗ ನಿಮ್ಮ ಯಕ್ಷಗಾನಕ್ಕೆ ಬರುತ್ತೇನೆ. ಭಾಗವತರು ಪದ್ಯ ಎತ್ತುವ ಮೊದಲೇ ಮದ್ದಳೆಯವರ ಕೈ ಅಲ್ಲಿಗೆ ಹೋಗಿರುತ್ತದೆ. ವೇಷಧಾರಿ ಸುಸ್ತಾಗಿದ್ದರೆ ಚೆಂಡೆಯವರು ಕುಣಿತಕ್ಕೆ ನುಡಿಸುವ ಬಿಡ್ತಿಗೆಯನ್ನು ಬೇಗ ಮುಗಿಸಿಕೊಡುತ್ತಾರೆ. ಇದು ಯಾರೂ ಪಾಠ ಮಾಡಿ ಕಲಿಸುವುದಲ್ಲ. ಮಳೆಗಾಲದ ಮುಂಚಿನ ಪತ್ತನಾಜೆಗೆ ಗೆಜ್ಜೆ ಬಿಚ್ಚುವವರೆಗೆ ಆರು ತಿಂಗಳ ತಿರುಗಾಟ, ದಿನಾ ರಾತ್ರಿ ಒಟ್ಟಿಗೆ ಕೂತವರಿಗೆ ಮಾತ್ರ ಬರುವ ಬಳಕೆ. ನಿಮ್ಮ ಜಿಲ್ಲೆಯವರೇ ಆದ ಹಿರಿಯಡ್ಕ ಗೋಪಾಲ ರಾಯರನ್ನು ನೆನೆಯಿರಿ. ಯಕ್ಷಗಾನದ ಬಡಗುತಿಟ್ಟು ಶೈಲಿಗೆ ಏರು ಮದ್ದಳೆ ತಂದವರು. ನೂರು ವರ್ಷ ದಾಟಿ 2020ರಲ್ಲಿ ತೀರಿಕೊಂಡರು. ಹಿಂದೆ ಕೂತ ಒಬ್ಬರು ಮದ್ದಳೆಯ ಶ್ರುತಿ ಏರಿಸಿದ್ದರಿಂದ ಇಡೀ ಆಟದ ಸದ್ದೇ ಬದಲಾಯಿತು. ಅವರ ಮುಂದೆಯೂ “ಹಿಂದೆ ಯಾರು ಕೂತರೇನು” ಅನ್ನುತ್ತಿದ್ದಿರಾ?

ಇದು ನಿಮ್ಮೊಬ್ಬರ ತಪ್ಪಲ್ಲ, ನಾವೆಲ್ಲ ಸೇರಿ ಮಾಡಿಕೊಂಡದ್ದು. ಯಾವುದಾದರೂ ಕಾರ್ಯಕ್ರಮದ ಕರಪತ್ರ ತೆಗೆದು ನೋಡಿ. ಅಧ್ಯಕ್ಷರು, ಉದ್ಘಾಟಕರು, ಮುಖ್ಯ ಅತಿಥಿಗಳು, ಗೌರವ ಉಪಸ್ಥಿತಿ, ಊಟದ ಪ್ರಾಯೋಜಕರು, ಶಾಮಿಯಾನದವರು. ಎಲ್ಲರ ಹೆಸರು ಇದೆ, ಕೆಲವರ ಫೋಟೊ ಕೂಡ ಇದೆ. ಹಾಡುವವರ ಹೆಸರು ದಪ್ಪ ಅಕ್ಷರದಲ್ಲಿದೆ. ಅದರ ಪಕ್ಕ ಎರಡೇ ಪದ, ‘ಮತ್ತು ಬಳಗ’. ತಬಲಾ, ಹಾರ್ಮೋನಿಯಂ, ಕೊಳಲು, ರಿದಂ ಪ್ಯಾಡ್ ಹಿಡಿದು ರಾತ್ರಿ ಒಂದು ಗಂಟೆಯವರೆಗೆ ಕೂತ ಅಷ್ಟೂ ಜನ ಆ ಎರಡು ಪದದೊಳಗೆ. ಹಾರ, ಶಾಲು, ಹಣ್ಣಿನ ಬುಟ್ಟಿ ಎಲ್ಲ ಮುಂದಿನವರಿಗೆ. ಸಂಭಾವನೆಯ ಕವರ್ ಹಿಂದಿನವರ ಕೈಗೆ ಬರುವಾಗ ತೆಳುವಾಗಿರುತ್ತದೆ.

ಈಗ ಆ ಬಳಗವೂ ಬೇಡವಾಗುತ್ತಿದೆ. ಶಾಲೆಯ ವಾರ್ಷಿಕೋತ್ಸವದಲ್ಲಿ ಮಕ್ಕಳು ಕರೋಕೆ ಟ್ರ್ಯಾಕಿಗೆ ಹಾಡುತ್ತಾರೆ. ಸಾಲು ಮರೆತರೆ ಟ್ರ್ಯಾಕ್ ನಿಲ್ಲುವುದಿಲ್ಲ, ಮಗು ಅಳುತ್ತಾ ಇಳಿದು ಹೋಗುತ್ತದೆ. ಇದನ್ನು ನಾನೇ ನೋಡಿದ್ದೇನೆ. ತಬಲಾದವರೊಬ್ಬರು ಇದ್ದಿದ್ದರೆ ಅದೇ ತಾಳವನ್ನು ಮತ್ತೊಂದು ಸುತ್ತು ನುಡಿಸಿ ಕಾಯುತ್ತಿದ್ದರು. ಎಷ್ಟೋ ದೇವಸ್ಥಾನಗಳಲ್ಲಿ ಮಂಗಳಾರತಿಗೆ ಸ್ವಿಚ್ ಹಾಕಿದರೆ ನಗಾರಿ, ಜಾಗಟೆ, ಗಂಟೆ ಎಲ್ಲ ತಾನೇ ಬಡಿದುಕೊಳ್ಳುತ್ತದೆ. ನಗಾರಿ ಬಾರಿಸಲು ಓಡಿ ಬರುತ್ತಿದ್ದ ಹುಡುಗರು ಈಗ ಕೈಕಟ್ಟಿ ನಿಂತಿರುತ್ತಾರೆ. ನನಗೆ ಇದನ್ನು ನೋಡಿ ಸುಮ್ನೆ ಇರಲು ಆಗುವುದಿಲ್ಲ.

ಆ ತಂಡದ ಕಥೆ ‘13’ಕ್ಕೆ ಮುಗಿಯಲಿಲ್ಲ. 2025ರ ಜುಲೈ 5ರಂದು, ತಾವು ಬೆಳೆದ ಆಸ್ಟನ್‌ನಲ್ಲೇ ಇರುವ ವಿಲ್ಲಾ ಪಾರ್ಕ್ ಕ್ರೀಡಾಂಗಣದಲ್ಲಿ, ನಾಲ್ವರೂ ಕೊನೆಯ ಸಲ ಸೇರಿದರು. ಒಟ್ಟಿಗೆ ನುಡಿಸಿ ಇಪ್ಪತ್ತು ವರ್ಷವಾಗಿತ್ತು. ಕಾರ್ಯಕ್ರಮದ ಹಣ ಪಾರ್ಕಿನ್ಸನ್ ಕಾಯಿಲೆಯ ಕೆಲಸಕ್ಕೂ ಮಕ್ಕಳ ಆಸ್ಪತ್ರೆಗೂ ಎಂದು ಮೊದಲೇ ಹೇಳಿದ್ದರು. ಪಾರ್ಕಿನ್ಸನ್ ಇದ್ದ ಓಝಿಗೆ ನಿಲ್ಲಲು ಆಗುತ್ತಿರಲಿಲ್ಲ, ಕುರ್ಚಿಯಲ್ಲಿ ಕೂತು ಹಾಡಿದರು. ಹಿಂದೆ ಡ್ರಮ್ಸ್‌ನಲ್ಲಿ 77 ವರ್ಷದ ಬಿಲ್ ವಾರ್ಡ್, ಅಂಗಿ ಬಿಚ್ಚಿ ಕೂತಿದ್ದರು. ಬರೀ ನಾಲ್ಕು ಹಾಡು. ಹದಿನೇಳು ದಿನದ ನಂತರ ಓಝಿ ತೀರಿಕೊಂಡರು. ಆ ನಾಲ್ಕು ಹಾಡನ್ನು ಒಮ್ಮೆ ಕೇಳಿ. ಓಝಿಯ ದನಿ ನಡುಗುತ್ತದೆ, ಡ್ರಮ್ಸ್ ಕೂಡ ಮೊದಲಿನಷ್ಟು ಚುರುಕಿಲ್ಲ. ನನಗೆ ಮಾತ್ರ ಅದು ‘13’ಕ್ಕಿಂತ ಹತ್ತಿರದ್ದು.

ಈ ಪತ್ರಿಕೆಯೂ ಇಷ್ಟು ವರ್ಷ ‘ಮತ್ತು ಬಳಗ’ ಎಂದೇ ಅಚ್ಚು ಹಾಕಿದೆ. ಮುಂದಿನ ಸಂಚಿಕೆಯಿಂದ ಹಾಕುವುದಿಲ್ಲ. ನಿಮ್ಮ ಕಡೆಯ ಆಟದ ಸುದ್ದಿ ಕಳಿಸುವಾಗ ಚೆಂಡೆ, ಮದ್ದಳೆ, ಚಕ್ರತಾಳದವರ ಹೆಸರು ಪೂರ್ತಿ ಬರೆದು ಕಳಿಸಿ. ಜಾಗ ಸಾಲದಿದ್ದರೆ ಅತಿಥಿಗಳ ಫೋಟೊ ಬಿಡುತ್ತೇವೆ.

– ಸಂ.