ಲಂಡನ್‌ನಿಂದ ನ್ಯೂಯಾರ್ಕ್‌ಗೆ ಎಷ್ಟು ದೂರ? ಹೋಗಲು 3 ಗಂಟೆ, ಬರಲು 12 ಗಂಟೆ ಹೇಗೆ?

ನಿಮ್ಮ ಟಿಕೆಟ್ ಸರಿಯಾಗೇ ಇದೆ. ಲಂಡನ್‌ನಿಂದ ಬೆಳಗ್ಗೆ 11ಕ್ಕೆ ಹೊರಟು ಮಧ್ಯಾಹ್ನ 2ಕ್ಕೆ ನ್ಯೂಯಾರ್ಕ್, ವಾಪಸ್ ಬರುವಾಗ ಸಂಜೆ 7ಕ್ಕೆ ಹೊರಟು ಮರುದಿನ ಬೆಳಗ್ಗೆ 7ಕ್ಕೆ ಲಂಡನ್. ಇದರಲ್ಲಿ ಬರೆದಿರುವುದೆಲ್ಲ ಆಯಾ ಊರಿನ ಗಡಿಯಾರದ ಸಮಯ. ನ್ಯೂಯಾರ್ಕ್ 5 ಗಂಟೆ ಹಿಂದೆ. ಹಾಗಾಗಿ ಹೋಗುವಾಗಿನ 3ಕ್ಕೆ 5 ಕೂಡಿಸಿ, ಬರುವಾಗಿನ 12ರಲ್ಲಿ 5 ಕಳೆಯಿರಿ. 8 ಗಂಟೆ, 7 ಗಂಟೆ. ಪ್ರಯಾಣದ ನಿಜವಾದ ಅವಧಿ ಇದು.

ಒಂದು ಎಚ್ಚರಿಕೆ: ಮಾರ್ಚ್ ಎರಡನೇ ಭಾನುವಾರದಿಂದ ಕೊನೆಯ ಭಾನುವಾರದವರೆಗೆ, ಮತ್ತೆ ಅಕ್ಟೋಬರ್ ಕೊನೆಯ ಭಾನುವಾರದಿಂದ ನವೆಂಬರ್ ಮೊದಲ ಭಾನುವಾರದವರೆಗೆ ವ್ಯತ್ಯಾಸ 4 ಗಂಟೆ ಮಾತ್ರ. ಎರಡೂ ದೇಶಗಳು ಬೇಸಿಗೆಗೆ ಗಡಿಯಾರವನ್ನು ಒಂದು ಗಂಟೆ ಮುಂದಿಟ್ಟು, ಚಳಿಗಾಲಕ್ಕೆ ಮತ್ತೆ ಹಿಂದಿಡುತ್ತವೆ, ಆದರೆ ಹಾಗೆ ತಿದ್ದುವ ದಿನ ಬೇರೆ ಬೇರೆ.

ದೂರ ಲಂಡನ್‌ನ ಹೀಥ್ರೂ ವಿಮಾನ ನಿಲ್ದಾಣದಿಂದ ನ್ಯೂಯಾರ್ಕ್‌ನ ಜೆಎಫ್‌ಕೆ ನಿಲ್ದಾಣಕ್ಕೆ ಸುಮಾರು 5,540 ಕಿ.ಮೀ. ಕೆಲವು ಕಡೆ 5,570 ಅಂತ ಕಾಣುವುದು ನಗರದ ಮಧ್ಯದಿಂದ ಮಧ್ಯಕ್ಕೆ ಅಳೆದದ್ದು. ಗೋಡೆಯ ನಕ್ಷೆಯ ಮೇಲೆ ಸ್ಕೇಲ್ ಇಟ್ಟು ಎಳೆದ ಗೆರೆಯ ಮೇಲೇ ಹಾರಿದರೆ 200 ಕಿ.ಮೀ.ಗೂ ಹೆಚ್ಚು ಸುತ್ತು. ಭೂಮಿ ಗುಂಡಗಿರುವುದರಿಂದ ಹತ್ತಿರದ ದಾರಿ ಉತ್ತರಕ್ಕೆ ಬಾಗುತ್ತದೆ. ಸೀಟಿನ ಮುಂದಿನ ಪರದೆಯಲ್ಲಿ ವಿಮಾನ ಐರ್ಲೆಂಡ್ ಮೇಲೆ ಹಾದು ಕೆನಡಾದ ನ್ಯೂಫೌಂಡ್‌ಲ್ಯಾಂಡ್ ಕಡೆಗೆ ಹೋಗುವುದು ಅದಕ್ಕೇ.

ಇನ್ನು ಒಂದು ಗಂಟೆಯ ಅಂತರ. ಅಟ್ಲಾಂಟಿಕ್ ಮೇಲೆ, ವಿಮಾನಗಳು ಹಾರುವ ಎತ್ತರದಲ್ಲಿ, ಪಶ್ಚಿಮದಿಂದ ಪೂರ್ವಕ್ಕೆ ಜೆಟ್ ಸ್ಟ್ರೀಮ್ ಎಂಬ ರಭಸದ ಗಾಳಿ ಬೀಸುತ್ತದೆ. ಚಳಿಗಾಲದಲ್ಲಿ ಜೋರು ಹೆಚ್ಚು. ಸುತ್ತಲಿನ ಗಾಳಿಗೆ ಹೋಲಿಸಿದರೆ ವಿಮಾನದ ವೇಗ ಗಂಟೆಗೆ ಸುಮಾರು 900 ಕಿ.ಮೀ. ಹಿಂದಿನಿಂದ 150 ಕಿ.ಮೀ. ಗಾಳಿ ತಳ್ಳಿದರೆ ನೆಲದ ಲೆಕ್ಕದಲ್ಲಿ 1,050, ಎದುರಿಗೆ ಬಂದರೆ 750. ಇಡೀ ದಾರಿ ಹಾಗೇ ಇದ್ದರೆ 5 ಗಂಟೆ 17 ನಿಮಿಷ ಎಲ್ಲಿ, 7 ಗಂಟೆ 23 ನಿಮಿಷ ಎಲ್ಲಿ! ವಾಸ್ತವದಲ್ಲಿ ಇಷ್ಟು ಅಂತರ ಬರುವುದು ಕಡಿಮೆ, ಏಕೆಂದರೆ ನ್ಯೂಯಾರ್ಕ್‌ಗೆ ಹೋಗುವ ವಿಮಾನಗಳು ಗಾಳಿ ತಪ್ಪಿಸಿಕೊಂಡು ಸ್ವಲ್ಪ ಬಳಸು ದಾರಿ ಹಿಡಿಯುತ್ತವೆ. 2020ರ ಫೆಬ್ರವರಿಯಲ್ಲಿ ಸಿಯಾರಾ ಚಂಡಮಾರುತದ ಗಾಳಿ ಹಿಡಿದ ಬ್ರಿಟಿಷ್ ಏರ್‌ವೇಸ್‌ನ ಬೋಯಿಂಗ್ 747 ವಿಮಾನವೊಂದು ನ್ಯೂಯಾರ್ಕ್‌ನಿಂದ ಲಂಡನ್‌ಗೆ 4 ಗಂಟೆ 56 ನಿಮಿಷದಲ್ಲಿ ಬಂದಿತ್ತು. (ಶಬ್ದಕ್ಕಿಂತ ವೇಗವಾಗಿ ಹಾರುತ್ತಿದ್ದ ಕಾಂಕಾರ್ಡ್ ವಿಮಾನ 1996ರಲ್ಲಿ 2 ಗಂಟೆ 53 ನಿಮಿಷದೊಳಗೇ ಮುಗಿಸಿತ್ತು, ಆದರೆ ಅದರ ಕಾಲ 2003ಕ್ಕೇ ಮುಗಿಯಿತು.)

ಟಿಕೆಟ್‌ನ 7–8 ಗಂಟೆ ಪೂರ್ತಿ ಹಾರಾಟವೂ ಅಲ್ಲ. ಗೇಟ್ ಬಿಟ್ಟ ಕ್ಷಣದಿಂದ ಇನ್ನೊಂದು ಗೇಟ್ ಸೇರುವವರೆಗಿನ ಲೆಕ್ಕ ಅದು. ಜೆಎಫ್‌ಕೆಯಲ್ಲಿ ಸಂಜೆ ಟೇಕಾಫ್‌ಗೆ ಸಾಲಿನಲ್ಲಿ ಅರ್ಧ ಗಂಟೆ ಕಾಯುವುದು ಅಪರೂಪವೇನಲ್ಲ. ಹೀಥ್ರೂ ಹತ್ತಿರ ಬಂದ ಮೇಲೂ ಬೋವಿಂಗ್ಡನ್, ಲ್ಯಾಂಬೋರ್ನ್, ಓಕಮ್, ಬಿಗ್ಗಿನ್ ಎಂಬ ನಾಲ್ಕು ಜಾಗಗಳಲ್ಲಿ ಒಂದರ ಮೇಲೆ, ಇಳಿಯುವ ಸರದಿ ಬರುವವರೆಗೆ ಸುತ್ತು ಹಾಕಿಸುವುದುಂಟು. ಗಾಳಿ ಚೆನ್ನಾಗಿದ್ದು ಬೇಗ ಬಂದರೂ ಉಳಿಸಿದ ಸಮಯ ಇಲ್ಲೇ ಕರಗಿಹೋಗಬಹುದು.

ಮುಂದೆ ಇನ್ನೊಂದು ವಿಮಾನ ಹಿಡಿಯಬೇಕಿದ್ದರೆ ಇದನ್ನು ಲೆಕ್ಕಕ್ಕಿಟ್ಟುಕೊಳ್ಳಿ. ನ್ಯೂಯಾರ್ಕ್‌ನಲ್ಲಿ ಇಮಿಗ್ರೇಷನ್ ಮುಗಿಸಿ, ಬ್ಯಾಗ್ ತೆಗೆದುಕೊಂಡು, ಕಸ್ಟಮ್ಸ್ ದಾಟಿ ಮತ್ತೆ ಚೆಕ್-ಇನ್‌ಗೆ ಕೊಡಬೇಕು. ಕನಿಷ್ಠ 3 ಗಂಟೆ ಬಿಡಿ. ಎರಡು ಬೇರೆ ಬೇರೆ ಟಿಕೆಟ್ ತೆಗೆದುಕೊಂಡಿದ್ದರೆ 4 ಇರಲಿ, ಮೊದಲನೆಯದು ತಡವಾದರೆ ಎರಡನೆಯ ಕಂಪನಿಗೆ ಅದರ ಹೊಣೆ ಇರುವುದಿಲ್ಲ.